ಸಾವಿರದ ಒಂಬೈನೂರ ಮೂವತ್ತು ಮೀಟರ್ ಎತ್ತರದ ಸುಳ್ಳು

ಕರ್ನಾಟಕದಲ್ಲಿ ಅತಿ ಎತ್ತರದ ಸುಳ್ಳು ಹೇಳಿದವರು ಯಾರು ಎಂದು ಯಾರಾದರೂ ಕೇಳಿದರೆ, ಒಂದು ಕ್ಷಣವೂ ಯೋಚಿಸದೆ ನಾನು ನಮ್ಮ ಅತ್ತಿಯ ಕಡೆಗೆ ಬೆರಳು ತೋರಿಸುತ್ತೇನೆ. ಆಕೆಯ ಸುಳ್ಳಿನ ಎತ್ತರ ಸಮುದ್ರ ಮಟ್ಟದಿಂದ ಬರೋಬ್ಬರಿ ಸಾವಿರದ ಒಂಬೈನೂರ ಮೂವತ್ತು ಮೀಟರ್! ಕೆಲವು ಪುಸ್ತಕಗಳು ಇದನ್ನು ಐದು ಮೀಟರ್ ಕಡಿಮೆ ಹೇಳುತ್ತವೆ. ಆ ಪುಸ್ತಕಗಳನ್ನು ಅತ್ತಿ ಮನೆಯ ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಿಲ್ಲ.

ಅತ್ತಿ ಎಂದ ಕೂಡಲೇ ಹೆಂಡತಿಯ ತಾಯಿ ಎಂದು ತಿಳಿಯಬೇಡಿ. ಅವರ ಮೇಲೆ ಪ್ರಬಂಧ ಬರೆದು ಅದೇ ಮನೆಯಲ್ಲಿ ಊಟ ಮಾಡುವ ಧೈರ್ಯ ನನಗಿಲ್ಲ! ಇವಳು ನಮ್ಮಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಇಳಕಲ್ಲಿನ ತವರಿಗೆ ಬಂದಳು. ಅಳುತ್ತ ಕೂಡದೆ ಓದಿದಳು. ಹುನಗುಂದದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಬಾಯಾರಾದಳು. ನಮ್ಮ ಕಡೆ ಶಿಕ್ಷಕಿಯರಿಗೆ ಬಾಯಾರು ಎನ್ನುವುದು ರೂಢಿ. ನಾನೂ ಅದೇ ಸಾಲಿಯಲ್ಲಿ ಆಕೆಯ ಕೈಯಲ್ಲೇ ಕಲಿತವನು. ಮನೆಯಲ್ಲಿ "ಅತ್ತಿ, ನೀ ಚಾ ಕುಡದೆ?" ಎನ್ನುವ ಬಾಯಿ ಸಾಲಿಯ ಗೇಟು ದಾಟಿದ ಕೂಡಲೇ "ಬಾಯಾರ, ನೀವು" ಎನ್ನಬೇಕಿತ್ತು. ಒಮ್ಮೆ ಮರೆತು ಕ್ಲಾಸಿನಲ್ಲಿ "ಅತ್ತಿ" ಎಂದುಬಿಟ್ಟೆ. ನಕಾಶೆ ತೋರಿಸುವ ಕೋಲಿನಿಂದ ನನ್ನ ಅಂಗೈ ಮೇಲೆ ಭೂಮಧ್ಯರೇಖೆ ಎಳೆದಳು!

ಪ್ರತಿ ವರ್ಷ ಒಂಬತ್ತನೇ ತರಗತಿಗೆ ಕರ್ನಾಟಕದ ಪ್ರಾಕೃತಿಕ ವಿಭಾಗಗಳ ಪಾಠ ಬರುತ್ತಿತ್ತು. ಅತ್ತಿ ಪುಸ್ತಕ ಮುಚ್ಚಿ ಟೇಬಲ್ ಮೇಲೆ ಇಡುತ್ತಿದ್ದಳು. ಸೆರಗು ಬಿಗಿಯಾಗಿ ಹೊದ್ದುಕೊಂಡು, ಇನ್ನೇನು ಚಳಿ ಬರಲಿದೆ ಎಂಬಂತೆ ಒಮ್ಮೆ ಕಿಟಕಿ ಕಡೆ ನೋಡಿ, ಶುರು ಮಾಡುತ್ತಿದ್ದಳು.

"ನಾ ಮುಳ್ಳಯ್ಯನಗಿರಿಗೆ ಹೋದಾಗ..."

ಮುಗಿಯಿತು! ಆಮೇಲೆ ಗಂಟೆ ಬಾರಿಸಿದರೂ ಯಾರೂ ಏಳುತ್ತಿರಲಿಲ್ಲ. ಚಂದ್ರದ್ರೋಣ ಪರ್ವತ ಅರ್ಧಚಂದ್ರನ ಹಾಗೆ ಬಾಗಿಕೊಂಡಿರುವುದು, ಅದರ ನೆತ್ತಿಯ ಮೇಲೆ ಪುಟ್ಟ ಗುಡಿ, ಪಡುವಣ ದಿಕ್ಕಿನಿಂದ ಮೋಡ ಹತ್ತಿ ಬರುವುದು, ಎದುರಿಗೆ ನಿಂತವರ ಮುಖವೂ ಕಾಣದಂಥ ಮಂಜು, ತುಟಿಗೆ ಮುಟ್ಟುವ ಮೊದಲೇ ಆರಿ ಹೋಗುವ ಚಾ. ತುದಿಯಲ್ಲಿ ಮಾತ್ರ ಎಂಥ ಅಡವಿ ಅಂತೀರಿ! ಗಿಡಕ್ಕೆ ಗಿಡ ಹೆಣೆದುಕೊಂಡು ಮುಗಿಲೇ ಕಾಣದಂಥ ಅಡವಿ. ಹಳೆಯ ವಿದ್ಯಾರ್ಥಿಗಳ ಪ್ರಕಾರ ಮೊದಲ ವರ್ಷ ಅತ್ತಿ ಒಂದು ಕಂಬಳಿ ಹೊದ್ದು ಹೋಗಿದ್ದಳು. ಮೂರನೇ ವರ್ಷಕ್ಕೆ ಅದು ಎರಡಾಯಿತು. ನಮ್ಮ ಪಾಳಿ ಬರುವ ಹೊತ್ತಿಗೆ ಅಡವಿಯೊಳಗಿಂದ ಚಿರತೆಯೊಂದು ಕೆಮ್ಮತೊಡಗಿತ್ತು!

ಮನೆಯಲ್ಲೂ ಬಿಡುಗಡೆ ಇರಲಿಲ್ಲ. ನೂರಾ ಅರವತ್ತೈದು ಮೀಟರ್ ಮೇಲೆ ಹೋದರೆ ಒಂದು ಡಿಗ್ರಿ ಉಷ್ಣಾಂಶ ಕಡಿಮೆಯಾಗುತ್ತದೆ ಎಂಬ ನಿಯಮವನ್ನು ಅತ್ತಿ ನಮ್ಮ ಮನೆಯ ಕಾನೂನು ಮಾಡಿಟ್ಟಿದ್ದಳು. ಮೇ ತಿಂಗಳಿನಲ್ಲಿ ನಮ್ಮವ್ವ ಸೆಖೆ ತಾಳಲಾರದೆ "ಮಾಳಿಗಿ ಮ್ಯಾಲ ಮಲಗೂಣು" ಎಂದರೆ, ಅತ್ತಿ ಬೆರಳು ಮಡಚಿ ಲೆಕ್ಕ ಹಾಕಿ, "ನಿನಗ ಸಿಗೂದು ಒಂದು ಡಿಗ್ರಿಯೊಳಗ ಐವತ್ತನೇ ಪಾಲು. ಅಷ್ಟಕ್ಕ ಹಾಸಿಗಿ ಯಾಕ ಹೊರ್ತಿ?" ಎನ್ನುತ್ತಿದ್ದಳು. ಮೋಡ ಕವಿದು ಹನಿ ಬೀಳದೆ ಚದುರಿದ ದಿನವಂತೂ ಅಂಗಳದಲ್ಲಿ ನಿಂತು ನೈರುತ್ಯಕ್ಕೆ ಮುಖ ಮಾಡಿ ಪಶ್ಚಿಮ ಘಟ್ಟದ ಜತೆ ಜಗಳ ಕಾಯುತ್ತಿದ್ದಳು. "ಬಂದ ಮೋಡ ಎಲ್ಲಾ ನೀವ ಅಡ್ಡ ಹಾಕಿ ಹಿಂಡ್ಕೊಂಡ್ರ, ಬೆನ್ನ ಹಿಂದ ಇದ್ದ ನಾವೇನು ಬರೀ ಗಾಳಿ ಕುಡೀಬೇಕ?" ದಾರಿಯಲ್ಲಿ ಹೋಗುವವರು, ಪಾಪ, ಯಾವುದೋ ಆಸ್ತಿ ಜಗಳ ಎಂದುಕೊಂಡು ತಲೆ ತಗ್ಗಿಸಿ ನಡೆಯುತ್ತಿದ್ದರು.

ಸಾಲಿಯ ಪ್ರವಾಸ ಪ್ರತಿ ಸಲ ಬಾದಾಮಿಗೆ. ಶಿವಾಲಯದ ಮೆಟ್ಟಿಲು ಹತ್ತಿ ನಾವು "ಅಬ್ಬಾ, ಎಷ್ಟು ಎತ್ತರ!" ಎಂದರೆ ಅತ್ತಿ, "ಇದು ಗುಡ್ಡಲ್ಲ, ಗುಡ್ಡದ ಮರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಒಂದು ವರ್ಷ ಅಲ್ಲಿ ಉಷ್ಣಾಂಶ ಅಳೆಯಲು ಥರ್ಮಾಮೀಟರ್ ಹೊರತೆಗೆದದ್ದೇ ತಡ, ಮಂಗವೊಂದು ಕಸಿದುಕೊಂಡು ಗೋಡೆ ಏರಿ ಕುಳಿತು, ದವಾಖಾನಿಯಲ್ಲಿ ಪಾಳಿ ಹಚ್ಚಿದ ರೋಗಿಯ ಹಾಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡಿತು! ನಾವು ನಕ್ಕು ಸುಸ್ತಾದೆವು. ಅತ್ತಿ ಮಾತ್ರ ಕೆಳಗೆ ನಿಂತು ಗಂಭೀರವಾಗಿ ಕೂಗಿದಳು: "ಎಷ್ಟಾತು ಅಂತಾದ್ರೂ ನೋಡಿ ಹೇಳಲೇ!"

ಹೀಗಿದ್ದ ಅತ್ತಿ ನಿವೃತ್ತಳಾದಳು. ನಾನು ಇಳಕಲ್ ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಆಕೆಗೆ ಏನಾದರೂ ಕೊಡಬೇಕೆನಿಸಿತು. ಸೀರೆಯ ಊರಿನಲ್ಲಿದ್ದು ಸೀರೆ ಕೊಡುವುದರಲ್ಲಿ ಏನು ಮಜಾ? ಒಂದು ದಿನ ಊಟಕ್ಕೆ ಕುಳಿತಾಗ ಘೋಷಿಸಿದೆ. "ಅತ್ತಿ, ಮಹಾನವಮಿಗಿಂತ ಮೊದಲ ನಿನ್ನ ಮುಳ್ಳಯ್ಯನಗಿರಿಗೆ ಕರಕೊಂಡು ಹೋಗ್ತೇನಿ. ಮತ್ತೊಮ್ಮೆ ಕಣ್ತುಂಬ ನೋಡ್ಕೊಂಡು ಬರುವಂತಿ!"

ಅತ್ತಿ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಆಕೆಯ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು.

"ಈಗ ಬ್ಯಾಡ. ಅಲ್ಲಿ ಮಳಿ ಇರ್ತೈತಿ."

"ಚಳಿಗಾಲದಾಗ?"

"ಗಾಳಿ ಹಾರಿಸ್ಕೊಂಡ ಹೋಗ್ತೈತಿ."

"ಬ್ಯಾಸಗಿಯೊಳಗ?"

"ಹುಲ್ಲಿಗೆ ಬೆಂಕಿ ಬೀಳ್ತೈತಿ. ಮತ್ತ ನನ್ನ ಮೊಣಕಾಲು. ಮತ್ತ ಚಿರತಿ!"

ಒಂದು ಪರ್ವತಕ್ಕೆ ವರ್ಷದಲ್ಲಿ ಒಂದು ಒಳ್ಳೆಯ ದಿನವೂ ಇಲ್ಲವೇ? ನನಗೆ ಆಶ್ಚರ್ಯವಾಯಿತು. ಆದರೆ ಅನುಮಾನ ಬರಲಿಲ್ಲ. ಅಷ್ಟು ದಟ್ಟ ಅಡವಿಯ ಗುಡ್ಡದಲ್ಲಿ ಬೆಂಕಿ ಬೀಳಲು ಹುಲ್ಲು ಎಲ್ಲಿಂದ ಬಂತು ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಬಾಯಾರ ಮಾತನ್ನು ತಿದ್ದುವುದುಂಟೇ?

ಕಡೆಗೆ ನಮ್ಮವ್ವನೇ ಆಕೆಯ ಚೀಲ ತುಂಬಿದಳು. ನನ್ನ ಕ್ಲಾಸ್‌ಮೇಟ್ ದಾದಾಪೀರ ಟ್ಯಾಕ್ಸಿ ಓಡಿಸುತ್ತಾನೆ. ಅವನೂ ಅತ್ತಿಯ ವಿದ್ಯಾರ್ಥಿ. "ಬಾಯಾರ ಗುಡ್ಡಕ್ಕ ನಾ ಬಿಟ್ರ ಯಾರು ಹೊಡೀತಾರಲೇ ಗಾಡಿ?" ಎಂದು ಹೊಸ ಸೀಟ್ ಕವರ್ ಹಾಕಿಸಿಕೊಂಡು ಬಂದ. ಹೊಸಪೇಟೆ, ಚಿತ್ರದುರ್ಗ, ಕಡೂರು. ದಾರಿಯುದ್ದಕ್ಕೂ ಅತ್ತಿ ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ಮಾತಾಡಿದ ಗುಡ್ಡ ಹತ್ತಿರ ಬಂದಷ್ಟೂ ಆಕೆ ಸಣ್ಣವಳಾಗುತ್ತ ಹೋದಳು. ಚಿಕ್ಕಮಗಳೂರಿನ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಬಾಗಿಲ ಹೊರಗೆ ಉಷ್ಣಾಂಶ ನೋಡಿ, ಇಪ್ಪತ್ತೆರಡು ಎಂದು ಚೀಟಿಯಲ್ಲಿ ಬರೆದುಕೊಂಡಳು. ಹೊರಟೆವು.

ಊರು ದಾಟಿ ಸ್ವಲ್ಪ ಹೊತ್ತಿಗೆ ಮಂಜು ಕವಿಯಿತು. ಫೋನಿಗೆ ಸಿಗ್ನಲ್ ಹೋಯಿತು. ರಸ್ತೆ ಎರಡಾಯಿತು. ದಾದಾಪೀರ ಗಾಡಿ ನಿಲ್ಲಿಸಿ ಹಿಂದೆ ತಿರುಗಿದ.

"ಬಾಯಾರ, ಎಡಕ್ಕೋ ಬಲಕ್ಕೋ? ನೀವು ಹೋಗಿ ಬಂದವ್ರು, ಹೇಳ್ರಿ."

ಅತ್ತಿ ಗಂಟಲು ಸರಿಮಾಡಿಕೊಂಡು, "ಎಡಕ್ಕ" ಎಂದಳು.

ಎಡಕ್ಕೆ ಹೋದೆವು. ರಸ್ತೆ ಸಣ್ಣದಾಯಿತು, ಮಣ್ಣಾಯಿತು, ಕಡೆಗೆ ಯಾರದೋ ಕಾಫಿ ತೋಟದ ಅಂಗಳವಾಯಿತು! ಮೂರು ನಾಯಿಗಳು ಗಾಡಿಯನ್ನು ಸುತ್ತುವರಿದವು. ಹಲ್ಲುಜ್ಜುತ್ತಿದ್ದ ಮಾಲೀಕರು ಬ್ರಷ್ ಬಾಯಲ್ಲೇ ಇಟ್ಟುಕೊಂಡು ನಮ್ಮನ್ನು ನೋಡಿದರು. ಹೇಗೋ ಹಿಂದೆ ತಿರುಗಿ ಅದೇ ಜಾಗಕ್ಕೆ ಬಂದೆವು. ದಾದಾಪೀರ ಬಲು ವಿನಯದಿಂದ ಕೇಳಿದ. "ನೀವು ಬಂದಾಗ ಈ ದಾರಿ ಇದ್ದಿಲ್ಲೇನ್ರಿ ಬಾಯಾರ?"

ಅತ್ತಿ ಮುಖ ಮುಚ್ಚಿಕೊಂಡಳು. "ನಾ ಯಾವಾಗ ಬಂದಿದ್ದೆನೋ! ನಾ ಎಂದೂ ಬಂದ ಇಲ್ಲೋ!"

ದಾದಾಪೀರನ ಕಾಲು ಎಲ್ಲಿ ಜಾರಿತೋ, ಗಾಡಿ ಗಕ್ಕನೆ ಬಂದ್ ಆಯಿತು. ಬಸವಣ್ಣಾ! ಇಪ್ಪತ್ತೈದು ವರ್ಷದಿಂದ ನಾನು ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಪರ್ವತ ಅದು. ನನ್ನ ಹೆಂಡತಿಗೆ ಹೇಳಿದ್ದೆ. ಮಕ್ಕಳಿಗೆ ಹೇಳಿದ್ದೆ. ಝೆರಾಕ್ಸ್‌ಗೆ ಬಂದ ಗಿರಾಕಿಗಳಿಗೂ ಹೇಳಿದ್ದೆ!

ದಾದಾಪೀರನ ಗಾಬರಿ ಬೇರೆಯದಾಗಿತ್ತು. "ಅಲ್ರಿ ಬಾಯಾರ... ಮತ್ತ ಚಿರತಿ? ಚಿರತಿ ಕೆಮ್ಮಿದ್ದು?"

"ಅದು ನಮ್ಮ ಸಾಲಿ ಗಂಟಿ ಬಾರಿಸೂ ಸಿಪಾಯಿ ಕೆಮ್ಮು" ಎಂದಳು ಅತ್ತಿ, ಮುಖ ಎತ್ತದೆ. "ಪಾಠ ಮಾಡೂಮುಂದ ಹೊರಗ ಕುಂತು ಕೆಮ್ಮತಿದ್ದ. ಹಂಗ ಸೇರಿಸಿಬಿಟ್ಟೆ."

ಆಮೇಲೆ ಮೆಲ್ಲಗೆ ಹೇಳಿದಳು. ನೌಕರಿಯ ಮೊದಲ ವರ್ಷವಂತೆ. ಹಿಂದಿನ ಬೆಂಚಿನಲ್ಲಿ ತಪಾಸಣೆಗೆ ಬಂದ ಸಾಹೇಬರು ಕೂತಿದ್ದರಂತೆ. ಅದೇ ಹೊತ್ತಿಗೆ ಒಂದು ಹುಡುಗಿ ಎದ್ದು, ನೀವು ಇದನ್ನ ನೋಡೀರೇನ್ರಿ ಬಾಯಾರ ಎಂದು ಕೇಳಿತಂತೆ. "ಒಂದ ಒಂದು ಹೂಂ ಅಂದೆ, ತಮ್ಮಾ. ಆ ಹೂಂಗೆ ಮೂವತ್ತು ವರ್ಷ ಕೂಳು ಹಾಕಿ ಬೆಳಸಿದೆ. ಗಂಡ ಸತ್ತಾಕಿ ಒಬ್ಬಾಕಿನ ಗುಡ್ಡ ನೋಡಾಕ ಹೋಗ್ತೇನಿ ಅಂದ್ರ ಆ ಕಾಲದಾಗ ಯಾರು ಕಳಸ್ತಿದ್ರು? ಆಮ್ಯಾಲ ಹೋಗಾಕ ಹೆದರಿಕಿ ಬಂತು. ನಾ ಹೇಳಿದಂಗ ಇರದಿದ್ರ?"

ದಾದಾಪೀರ ಗಾಡಿ ಶುರು ಮಾಡಿ ಬಲಕ್ಕೆ ತಿರುಗಿಸಿದ.

ಮೆಟ್ಟಿಲ ಬುಡಕ್ಕೆ ಬಂದಾಗ ಕೈ ಚಾಚಿದರೆ ಬೆರಳ ತುದಿ ಕಾಣುತ್ತಿರಲಿಲ್ಲ. ಗಾಳಿ ಸೆರಗನ್ನು ಕಿತ್ತುಕೊಳ್ಳುತ್ತಿತ್ತು. ನಾನೂರೋ ಐನೂರೋ ಮೆಟ್ಟಿಲು. ಮೊಣಕಾಲಿನ ನೆಪ ಹೇಳಿದ್ದ ಅತ್ತಿ ನಮ್ಮಿಬ್ಬರಿಗಿಂತ ಮುಂದೆ ಹತ್ತಿದಳು! ಮೇಲೆ ಗುಡಿಯ ಗೋಡೆಗೆ ಒರಗಿ ಥರ್ಮಾಮೀಟರ್ ಹಿಡಿದಳು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಒಂದು ಕೂಗು ಬಂತು.

"ಹದಿನೇಳು! ಎಂಟನೂರು ಮೀಟರ್ ಏರಿದ್ದಕ್ಕ ಐದು ಡಿಗ್ರಿ ಕಮ್ಮಿ! ತಮ್ಮಾ, ಲೆಕ್ಕ ಸರಿ ಐತಿ! ನೂರಾ ಅರವತ್ತೈದು ಮೀಟರಿಗೆ ಒಂದು! ಖರೇನ ಐತಿ!"

ಮಂಜಿನಲ್ಲಿ ನಿಂತಿದ್ದ ಯಾರೋ ಅಪರಿಚಿತರು ಬೆಚ್ಚಿ ಚಪ್ಪಾಳೆ ತಟ್ಟಿದರು. ಅತ್ತಿ ಸಣ್ಣ ಹುಡುಗಿಯಂತೆ ನಕ್ಕಳು. ಮೋಡ ಪಡುವಣದಿಂದಲೇ ಹತ್ತಿ ಬರುತ್ತಿತ್ತು. ಗುಡಿ ಪುಟ್ಟದೇ ಇತ್ತು. ದಾದಾಪೀರ ತಂದ ಚಾ ಬಾಯಿಗೆ ಬರುವಷ್ಟರಲ್ಲಿ ಆರಿತ್ತು. "ನೋಡ್ರಿ, ನಾ ಹೇಳಿದ್ದೆಲ್ಲಾ..." ಎಂದು ಅತ್ತಿ ಶುರು ಮಾಡುವಷ್ಟರಲ್ಲಿ ಗಾಳಿ ಒಮ್ಮೆಲೇ ಮಂಜನ್ನು ಸರಿಸಿತು.

ಅಬ್ಬಾ! ಸುತ್ತ ಹಸಿರು. ಬರೀ ಹಸಿರು. ಗುಡ್ಡದ ಹಿಂದೆ ಗುಡ್ಡ. ಎಲ್ಲದರ ಮೈಮೇಲೂ ಹುಲ್ಲು. ನಮ್ಮ ಕಾಲ ಬುಡದಿಂದ ಕಣ್ಣು ಹೋಗುವ ತನಕ ಹುಲ್ಲೇ ಹುಲ್ಲು. ಮುಗಿಲು ಮುಚ್ಚುವ ಅಡವಿ ಎಲ್ಲಿ?

ಅತ್ತಿಯ ಮುಖದ ನಗು ಹಾಗೇ ಹೆಪ್ಪುಗಟ್ಟಿತು. ಪಕ್ಕದಲ್ಲಿ ಸೌತೆಕಾಯಿ ಹೆಚ್ಚಿಕೊಂಡು ಮಾರುತ್ತಿದ್ದ ಹೆಂಗಸನ್ನು ಕೇಳಿದಳು. "ಯವ್ವಾ, ಇಲ್ಲಿ ಗಿಡ ಎಲ್ಲಿ ಹೋಗ್ಯಾವು?"

ಆಕೆ ಪಕ್ಕದ ಮೊಣಕಾಲೆತ್ತರದ ಪೊದೆ ತೋರಿಸಿ, "ಗಿಡ ಬೇಕಾದಷ್ಟಿದೆಯಲ್ಲಮ್ಮ" ಎಂದಳು.

"ಅವಲ್ಲ. ದೊಡ್ಡೂ, ದೊಡ್ಡೂ!"

"ಓ, ಮರಾನಾ? ಈ ಗಾಳೀಲಿ ಮರ ಎಲ್ಲಿ ನಿಲ್ಲುತ್ತಮ್ಮ? ಕಾಡೆಲ್ಲ ಕೆಳಗಡೆ, ಕಣಿವೆ ಸಂದೀಲಿ. ತುದೀಲಿ ಮೊದಲಿಂದಲೂ ಹುಲ್ಲೇ."

ಅತ್ತಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಾನು ಸಮಾಧಾನ ಹೇಳಲು ಹೋದೆ. "ಇರ್ಲಿ ಬಿಡು ಅತ್ತಿ, ಅದನ್ನ ಯಾರು ನೆನಪಿಟ್ಟಾರ?"

"ನಿನ್ನ ಕ್ಲಾಸಿನ್ಯಾಗ ಮರೋಳದ ಮಹಾದೇವಿ ಇದ್ದಳಲ್ಲ" ಎಂದಳು ಅತ್ತಿ. "ಪರೀಕ್ಷಾದಾಗ ಆಕಿ ತುದೀಗೆ ಹುಲ್ಲು ಇರ್ತೈತಿ ಅಂತ ಬರದಿದ್ದಳು. ನಾ ಕೆಂಪು ಮಸಿಲೆ ಗೀಚಿ ಹಾಕಿದೆ. 'ತಪ್ಪು. ನಾನು ಸ್ವತಃ ನೋಡಿದ್ದೇನೆ' ಅಂತ ಬರದೆ. ಎಬ್ಬಿಸಿ ನಿಂದ್ರಿಸಿ ಎಲ್ಲಾರ ಮುಂದ ಓದಿ ತೋರಿಸಿದೆ."

ನನಗೆ ನೆನಪಾಯಿತು. ಆ ದಿನ ಇಡೀ ಕ್ಲಾಸು ನಕ್ಕಿತ್ತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ಊರಿಗೆ ಬಂದ ಮರುದಿನ ನನ್ನ ಅಂಗಡಿ ಬಾಗಿಲು ತೆರೆಯುವ ಮೊದಲೇ ಅತ್ತಿ ಅಲ್ಲಿ ನಿಂತಿದ್ದಳು. ಕೈಯಲ್ಲಿ ದುಂಡನೆಯ ಅಕ್ಷರದ ಒಂದು ಹಾಳೆ. "ತಿದ್ದುಪಡಿ. ಮುಳ್ಳಯ್ಯನಗಿರಿಯ ತುದಿಯಲ್ಲಿ ದಟ್ಟ ಅಡವಿ ಇದೆ ಎಂದು ನಾನು ಕಲಿಸಿದ್ದು ತಪ್ಪು. ಅಲ್ಲಿ ಹುಲ್ಲುಗಾವಲಿದೆ. ನಾನು ಆಗ ನೋಡಿರಲಿಲ್ಲ. ದಯವಿಟ್ಟು ಸರಿಪಡಿಸಿಕೊಳ್ಳಿರಿ." ಕೆಳಗೆ ಸಹಿ!

"ಇನ್ನೂರು ಕಾಪಿ ತಗಿ" ಎಂದಳು.

ನಾನು ಕೈಮುಗಿದೆ, ಕಾಲು ಹಿಡಿದೆ. ಊರವರ ಮುಂದೆ ಮಾನ ಹೋಗುತ್ತದೆ ಎಂದೆ. ಕೇಳಿದರೆ ತಾನೇ? ಆ ಚೀಟಿ ಹಿಡಿದು ಆಕೆ ಹಳೆಯ ವಿದ್ಯಾರ್ಥಿಗಳನ್ನು ಹುಡುಕುತ್ತ ಹೊರಟಳು. ಬಸ್ಸಿನ ಕಂಡಕ್ಟರ್‌ಗೆ ಕೊಟ್ಟಳು. ಅವನು ಟಿಕೆಟ್ ಹರಿಯುವುದು ಬಿಟ್ಟು ಓದಿದ. ಹುನಗುಂದದ ಸಂತೆಯಲ್ಲಿ ಹಂಚಿದಳು. "ಇಲೆಕ್ಷನ್‌ಗೆ ನಿಂತೀರೇನ್ರಿ ಬಾಯಾರ? ಗುರುತು ಹುಲ್ಲೇನು?" ಎಂದನೊಬ್ಬ. ಅಮೀನಗಡದಲ್ಲಿ ಕರದಂಟಿನ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿ, ಬಸ್ಸಿನಿಂದ ಇಳಿದ ಗಿರಾಕಿಗಳ ಗದ್ದಲದಲ್ಲೂ ಎದ್ದು ನಮಸ್ಕಾರ ಮಾಡಿದ. ಚೀಟಿಯನ್ನು ಎರಡು ಸಲ ಓದಿ ತಲೆ ಕೆರೆದುಕೊಂಡ.

"ಎಲ್ಲಾ ತಿಳೀತ್ರಿ ಬಾಯಾರ. ಆದ್ರ ಈ ಮುಳ್ಳಯ್ಯನಗಿರಿ ಅಂದ್ರ ಯಾವ ಊರಾಗ ಬರ್ತೈತ್ರಿ?"

ಅತ್ತಿ ಬೆಂಕಿಯಾದಳು. "ನಾ ಸುಳ್ಳಾದ್ರೂ ಹೇಳಿದ್ದೆ. ನೀ ಅದನ್ನೂ ನೆನಪಿಡಲಿಲ್ಲೇನಲೇ!" ಅಷ್ಟೂ ಗಿರಾಕಿಗಳ ಎದುರಿಗೆ, ನಲವತ್ತು ದಾಟಿದ ಆ ದೊಡ್ಡ ಹೊಟ್ಟೆಯ ವ್ಯಾಪಾರಿಯಿಂದ ಸಾವಿರದ ಒಂಬೈನೂರ ಮೂವತ್ತು ಎಂದು ಮೂರು ಸಲ ಹೇಳಿಸಿದ ಮೇಲೆಯೇ ಅಲ್ಲಿಂದ ಕದಲಿದಳು!

ಆದರೆ ಮರೋಳಕ್ಕೆ ಮಾತ್ರ ಹೋಗಲಿಲ್ಲ. ಇನ್ನೂರು ಚೀಟಿಗಳಲ್ಲಿ ಒಂದೇ ಉಳಿಯುವ ತನಕ ಹೋಗಲಿಲ್ಲ. ಕಡೆಗೆ ಒಂದು ಮುಂಜಾನೆ ದಾದಾಪೀರನ ಗಾಡಿ ಕರೆಸಿದಳು. ನನ್ನನ್ನೂ ಕರೆದಳು. "ನೀನೂ ನಕ್ಕಿದ್ದಿ. ನಡಿ."

ಮಹಾದೇವಿ ಮರೋಳದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಐದಾರು ಹೆಂಗಸರು ಪಾಳಿ ಕಾಯುತ್ತಿದ್ದರು. ಬಾಯಾರನ್ನು ಕಂಡದ್ದೇ ಮಹಾದೇವಿ ಗಾಬರಿಯಾಗಿ ಗಿರಣಿ ಬಂದ್ ಮಾಡಿದಳು. ಅತ್ತಿ ಚೀಟಿ ಕೊಟ್ಟಳು. ಮಹಾದೇವಿ ಅದನ್ನು ಬೆಳಕಿಗೆ ಹಿಡಿದು ಓದಿದಳು.

"ನಂದು ತಪ್ಪಾತವ್ವಾ" ಎಂದಳು ಅತ್ತಿ. "ನೀ ಬರದದ್ದು ಸರಿ ಇತ್ತು. ನಿನಗ ಹೆಂಗ ಗೊತ್ತಿತ್ತು ಅದು? ಪುಸ್ತಕದಾಗ ಇದ್ದಿಲ್ಲ."

"ನಮ್ಮಪ್ಪ ಹೇಳಿದ್ದನ್ರಿ" ಎಂದಳು ಮಹಾದೇವಿ. "ಕುರಿ ಕಾಯ್ತಿದ್ದ. ಗಾಳಿ ಬಡಿಯೂ ನೆತ್ತಿ ಮ್ಯಾಲ ಗಿಡ ನಿಲ್ಲಂಗಿಲ್ಲ, ಹುಲ್ಲ ನಿಲ್ಲೂದು ಅಂದಿದ್ದ. ಅದನ್ನ ಬರದಿದ್ದೆ. ನೀವು ತಪ್ಪು ಅಂದ ಮ್ಯಾಲ ಮನಿಗೆ ಹೋಗಿ ಅಪ್ಪನ ಮ್ಯಾಲ ಒದರಾಡಿದೆ. ನಿನಗೇನು ತಿಳೀತೈತಿ, ನಮ್ಮ ಬಾಯಾರು ಕಣ್ಣಾರೆ ನೋಡಿ ಬಂದಾರ ಅಂದೆ. ಸಾಲಿ ಕಲಿತವ್ರು ಹೇಳಿದ ಮ್ಯಾಲ ಮುಗೀತವ್ವಾ ಅಂದ. ಆಮ್ಯಾಲ ನನ್ನ ಪಾಠದ ವಿಷಯದಾಗ ಎಂದೂ ಬಾಯಿ ಹಾಕಲಿಲ್ರಿ. ಅಂವ ಹೋಗಿ ಆರು ವರ್ಷ ಆತು."

ದಾದಾಪೀರ ಬೇರೆ ಕಡೆ ಮುಖ ತಿರುಗಿಸಿದ. ನಾನು ನೆಲ ನೋಡುತ್ತ ನಿಂತೆ.

ಆಗ ಮಹಾದೇವಿ ತಲೆಯೆತ್ತಿದಳು. ಬೈಯುತ್ತಾಳೆ ಎಂದುಕೊಂಡೆ. ಆಕೆಯ ಕಣ್ಣಲ್ಲಿ ನೀರಿತ್ತು. ಮುಖ ಮಾತ್ರ ಬೆಳಗುತ್ತಿತ್ತು.

"ಅಂದ್ರ ನಮ್ಮಪ್ಪ ಹೇಳಿದ್ದ ಖರೆ ಇತ್ತಲ್ರಿ!"

"ಖರೆ ಇತ್ತವ್ವಾ."

"ಇನ್ನೊಮ್ಮೆ ಹೇಳ್ರಿ ಬಾಯಾರ. ಜೋರಾಗಿ ಹೇಳ್ರಿ. ಇವ್ರೆಲ್ಲಾ ಕೇಳ್ಲಿ."

ಅತ್ತಿ ಪಾಳಿಯಲ್ಲಿದ್ದ ಹೆಂಗಸರ ಕಡೆ ತಿರುಗಿದಳು. ಬೆನ್ನು ನೆಟ್ಟಗೆ ಮಾಡಿ, ಕ್ಲಾಸಿನ ಕಡೆಯ ಬೆಂಚಿಗೂ ಕೇಳಿಸುವ ಆ ಹಳೆಯ ದನಿಯಲ್ಲಿ ಹೇಳಿದಳು. "ಈಕಿ ಅಪ್ಪ ಹೇಳಿದ್ದು ಖರೆ. ಅಂವಗ ಗೊತ್ತಿತ್ತು. ನನಗ ಗೊತ್ತಿದ್ದಿಲ್ಲ." ಹೇಳಿ ಕೈ ಜೋಡಿಸಿದಳು. ಮಹಾದೇವಿ ಓಡಿ ಬಂದು ಆ ಜೋಡಿಸಿದ ಕೈಗಳನ್ನು ಹಿಟ್ಟು ಮೆತ್ತಿದ ತನ್ನ ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು.

ವಾಪಸು ಬರುವಾಗ ಅತ್ತಿಯ ಕೈಗಳಿಗೆ ಮೊಣಕೈ ತನಕ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ದಾದಾಪೀರ ಒರೆಸಿಕೊಳ್ಳಲು ಬಟ್ಟೆ ಕೊಟ್ಟ. "ಇರ್ಲಿ ಬಿಡಪಾ" ಎಂದಳು. ಎರಡೂ ಕೈಗಳನ್ನು ತೊಡೆಯ ಮೇಲೆ, ಎಲ್ಲೂ ತಾಗದ ಹಾಗೆ, ಅಂಗಾತ ಇಟ್ಟುಕೊಂಡು ಮನೆಯ ತನಕ ಹಾಗೇ ಕುಳಿತಿದ್ದಳು.